ಹೆರಿಗೆಗೊಂದು ದರ, ಲಸಿಕೆಗೊಂದು ದರ: ಪಾಂಡವಪುರ ಉಪವಿಭಾಗದ ಆಶಾ ಕಾರ್ಯಕರ್ತೆಯರ ಪ್ರೋತ್ಸಾಹಧನದ ಲೆಕ್ಕಾಚಾರ

ಮಂಡ್ಯ: ಜಿಲ್ಲೆಯ ಏಳು ತಾಲ್ಲೂಕುಗಳ ಪೈಕಿ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳು ಪಾಂಡವಪುರ ಕಂದಾಯ ಉಪವಿಭಾಗಕ್ಕೆ ಸೇರಿವೆ. ಈ ನಾಲ್ಕು ತಾಲ್ಲೂಕುಗಳ ಯಾವುದೇ ಹಳ್ಳಿಯಲ್ಲಿ ಗರ್ಭಿಣಿಯೊಬ್ಬಳ ಹೆಸರು ಮೊದಲು ದಾಖಲಾಗುವುದು ಆಸ್ಪತ್ರೆಯ ಕಡತದಲ್ಲಲ್ಲ, ಆ ಊರಿನ ಆಶಾ ಕಾರ್ಯಕರ್ತೆಯ ದಿನಚರಿ ಪುಸ್ತಕದಲ್ಲಿ. ತಾಯಿ ಕಾರ್ಡ್ ಮಾಡಿಸುವುದರಿಂದ ಹಿಡಿದು ಮಗುವಿನ ಕೊನೆಯ ಲಸಿಕೆಯವರೆಗೆ ಬೆನ್ನು ಹತ್ತಿ ಕೆಲಸ ಮಾಡುವ ಈ ಮಹಿಳೆಗೆ ಸರ್ಕಾರದ ಭಾಷೆಯಲ್ಲಿ ಸಂಬಳವಿಲ್ಲ. ಆಕೆ 'ಗೌರವ ಸ್ವಯಂಸೇವಕಿ'. ಆಕೆ ಪಡೆಯುವುದು ಗೌರವಧನ ಮತ್ತು ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ ಮಾತ್ರ.

ರಾಜಧಾನಿಯ ಸ್ವಾತಂತ್ರ್ಯ ಉದ್ಯಾನದಲ್ಲಿ ಗುಲಾಬಿ ಸೀರೆಯುಟ್ಟ ಸಾವಿರಾರು ಮಹಿಳೆಯರು ಧರಣಿ ಕುಳಿತಾಗಲೆಲ್ಲ ನಗರದ ಓದುಗರಲ್ಲಿ ಒಂದು ಪ್ರಶ್ನೆ ಏಳುತ್ತದೆ. ಸರ್ಕಾರ ಹಣ ಹೆಚ್ಚಿಸಿದೆ ಎನ್ನುತ್ತದೆ, ಕಾರ್ಯಕರ್ತೆಯರು ಬಂದಿಲ್ಲ ಎನ್ನುತ್ತಾರೆ; ಇವೆರಡರಲ್ಲಿ ಯಾವುದು ನಿಜ? ಉತ್ತರ ಈ ಪ್ರೋತ್ಸಾಹಧನದ ರಚನೆಯಲ್ಲೇ ಇದೆ. ಅದನ್ನು ಬಿಡಿಸಿ ನೋಡಿದರೆ ಎರಡೂ ಏಕಕಾಲಕ್ಕೆ ನಿಜವಾಗಿರಲು ಸಾಧ್ಯ ಎಂಬುದು ತಿಳಿಯುತ್ತದೆ.

ಬೋನಸ್ ಬೇರೆ, ಪ್ರೋತ್ಸಾಹಧನ ಬೇರೆ

ಮೊದಲಿಗೆ ಪದಗಳ ಗೊಂದಲವನ್ನು ನಿವಾರಿಸಿಕೊಳ್ಳುವುದು ಒಳಿತು. ಬೋನಸ್ ಎಂಬುದು ಕಾನೂನಿನ ಪ್ರಕಾರ ಕಾರ್ಮಿಕನ ಹಕ್ಕು. 1965ರ ಬೋನಸ್ ಪಾವತಿ ಕಾಯ್ದೆಯಂತೆ ಅರ್ಹ ನೌಕರನಿಗೆ ವಾರ್ಷಿಕ ವೇತನದ ಕನಿಷ್ಠ ಶೇ 8.33ರಷ್ಟು, ಗರಿಷ್ಠ ಶೇ 20ರಷ್ಟು ಬೋನಸ್ ಸಲ್ಲಬೇಕಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯಲ್ಲಿ ಈ ಕಾಯ್ದೆ ವಿಲೀನಗೊಂಡಿತಾದರೂ ಈ ಎರಡು ಮಿತಿಗಳು ಹಾಗೆಯೇ ಉಳಿದಿವೆ. ಆದರೆ ಸರ್ಕಾರಿ ಇಲಾಖೆಗಳಿಗೂ, ಲಾಭದ ಉದ್ದೇಶವಿಲ್ಲದೆ ಸ್ಥಾಪಿತವಾದ ಆಸ್ಪತ್ರೆ ಮತ್ತು ಸೇವಾ ಸಂಸ್ಥೆಗಳಿಗೂ ಈ ನಿಯಮ ಅನ್ವಯಿಸುವುದಿಲ್ಲ. ಹೀಗಾಗಿ ಖಾಸಗಿ ನರ್ಸಿಂಗ್ ಹೋಮಿನಲ್ಲಿ ದುಡಿಯುವ ದಾದಿಗೆ ದೀಪಾವಳಿ ಬೋನಸ್ ಕೇಳುವ ಕಾನೂನುಬದ್ಧ ಅವಕಾಶವಿರಬಹುದು. ತಾಲ್ಲೂಕು ಆಸ್ಪತ್ರೆಯ ದಾದಿಗೆ ಅಂಥ ಅವಕಾಶವಿಲ್ಲ.

ಸರ್ಕಾರಿ ಆರೋಗ್ಯ ವ್ಯವಸ್ಥೆಯ ಒಳಗೂ ಹಲವು ಪಂಕ್ತಿಗಳಿವೆ. ಕಾಯಂ ವೈದ್ಯರು ಮತ್ತು ಸಿಬ್ಬಂದಿಗೆ ವೇತನಶ್ರೇಣಿ, ತುಟ್ಟಿಭತ್ಯೆ, ವಾರ್ಷಿಕ ಬಡ್ತಿಗಳಿವೆ. ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ಗುತ್ತಿಗೆಯ ಮೇಲೆ ದುಡಿಯುವವರಿಗೆ ಸಂಚಿತ ವೇತನವಿದ್ದು, ಮೂರು ಮತ್ತು ಐದು ವರ್ಷಗಳ ಸೇವೆ ಪೂರೈಸಿದವರಿಗೆ 'ಲಾಯಲ್ಟಿ ಬೋನಸ್' ಹೆಸರಿನ ಹೆಚ್ಚಳ ನೀಡುವ ಪದ್ಧತಿ ಇದೆ. ಉಪಕೇಂದ್ರಗಳಲ್ಲಿರುವ ಸಮುದಾಯ ಆರೋಗ್ಯ ಅಧಿಕಾರಿಗಳಿಗೆ ನಿಗದಿತ ವೇತನದ ಜೊತೆಗೆ ಸಾಧನೆ ಆಧಾರಿತ ಮೊತ್ತವನ್ನೂ ಕೇಂದ್ರದ ಮಾರ್ಗಸೂಚಿ ವಿಧಿಸಿದೆ. ಹೊರಗುತ್ತಿಗೆಯ ಡಿ ದರ್ಜೆ ನೌಕರರು ಮತ್ತು ಚಾಲಕರು ಏಜೆನ್ಸಿಗಳ ಮೂಲಕ ಸಂಬಳ ಪಡೆಯುತ್ತಾರೆ. ಇವರೆಲ್ಲರ ಕೆಳಗೆ, ಆದರೆ ಜನರಿಗೆ ಎಲ್ಲರಿಗಿಂತ ಹತ್ತಿರವಾಗಿ, ಆಶಾ ಕಾರ್ಯಕರ್ತೆ ಇದ್ದಾರೆ. ಉಳಿದವರಿಗೆ ಪ್ರೋತ್ಸಾಹಧನವೆಂಬುದು ಸಂಬಳದ ಮೇಲಿನ ಹೆಚ್ಚುವರಿ. ಆಶಾ ಪಾಲಿಗೆ ಬಹುಕಾಲ ಅದೇ ಇಡೀ ಗಳಿಕೆಯಾಗಿತ್ತು.

ಯೋಜನೆಯ ಮೂಲ ಕಲ್ಪನೆ

ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವು 2005ರ ಏಪ್ರಿಲ್ 12ರಂದು ಆರಂಭವಾಯಿತು. ಸಾವಿರ ಜನಸಂಖ್ಯೆಗೆ ಒಬ್ಬರಂತೆ, ಅದೇ ಊರಿನ 25ರಿಂದ 45 ವರ್ಷದೊಳಗಿನ ವಿವಾಹಿತೆ, ವಿಧವೆ ಅಥವಾ ವಿಚ್ಛೇದಿತೆಯನ್ನು ಆಯ್ಕೆ ಮಾಡಿ ತರಬೇತಿ ನೀಡುವುದು ಅದರ ಪ್ರಮುಖ ಅಂಗವಾಗಿತ್ತು. ಮೊದಲು ಹಿಂದುಳಿದ ರಾಜ್ಯಗಳಿಗೆ ಆದ್ಯತೆ ದೊರೆಯಿತು. ಕರ್ನಾಟಕದಲ್ಲಿ ಆಶಾ ವ್ಯವಸ್ಥೆ ಕೆಲ ವರ್ಷಗಳ ನಂತರ ರೂಪುಗೊಂಡಿತು. ಇಂದು ರಾಜ್ಯದಲ್ಲಿ ಸುಮಾರು 42 ಸಾವಿರ ಮಂದಿ ಆಶಾ ಕಾರ್ಯಕರ್ತೆಯರಿದ್ದಾರೆ.

ಆಕೆಯ ನಿತ್ಯದ ಬದುಕಿಗೆ ಅಡ್ಡಿಯಾಗದಂತೆ, ಬಿಡುವಿನ ವೇಳೆಯಲ್ಲಿ ಮಾಡಬಹುದಾದ ಕೆಲಸವನ್ನಷ್ಟೇ ವಹಿಸಲಾಗುವುದು ಎಂಬುದು ಮೂಲ ಆಶಯವಾಗಿತ್ತು. ಆ ಆಶಯಕ್ಕೆ ಅನುಗುಣವಾಗಿಯೇ ಸಂಬಳದ ಬದಲು ಕೆಲಸವಾರು ದರ ನಿಗದಿಯಾಯಿತು. ಸಂಬಳ ಕೊಟ್ಟರೆ ಆಕೆ ಮತ್ತೊಬ್ಬ ಸರ್ಕಾರಿ ನೌಕರಳಾಗಿಬಿಡುತ್ತಾಳೆ, ಊರಿನವರ ಪ್ರತಿನಿಧಿಯಾಗಿ ಉಳಿಯುವುದಿಲ್ಲ ಎಂಬ ವಾದವೂ ಅದರ ಹಿಂದಿತ್ತು. ಎರಡು ದಶಕಗಳಲ್ಲಿ ಕೆಲಸಗಳ ಪಟ್ಟಿ ಬೆಳೆಯುತ್ತಲೇ ಹೋಯಿತು. ಕ್ಷಯ, ಕುಷ್ಠ, ಮಲೇರಿಯ, ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡದ ತಪಾಸಣೆ, ಸಮೀಕ್ಷೆಗಳು, ಆ್ಯಪ್ ಮೂಲಕ ಮಾಹಿತಿ ಭರ್ತಿ ಎಲ್ಲವೂ ಸೇರಿದವು. ಬಿಡುವಿನ ವೇಳೆಯ ಕೆಲಸ ಎಂಬ ಕಲ್ಪನೆ ಕಾಗದದಲ್ಲಿ ಮಾತ್ರ ಉಳಿಯಿತು.

ಕೆಲಸಕ್ಕೊಂದು ದರ

ದರಪಟ್ಟಿಯ ಮುಖ್ಯ ಅಂಶಗಳನ್ನು ಗಮನಿಸಬಹುದು. ಜನನಿ ಸುರಕ್ಷಾ ಯೋಜನೆಯಡಿ ಗ್ರಾಮೀಣ ಪ್ರದೇಶದಲ್ಲಿ ಪ್ರತಿ ಅರ್ಹ ಹೆರಿಗೆಗೆ ಆಶಾ ಪಾಲಿನ ಮೊತ್ತ 600 ರೂಪಾಯಿ. ಇದರಲ್ಲಿ 300 ರೂಪಾಯಿ ಹೆರಿಗೆಪೂರ್ವ ಆರೈಕೆಗೆ, ಇನ್ನು 300 ರೂಪಾಯಿ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸಿದ್ದಕ್ಕೆ. ನಗರ ಪ್ರದೇಶದಲ್ಲಿ ಇದು 400 ರೂಪಾಯಿ. ಕರ್ನಾಟಕದಂಥ ರಾಜ್ಯಗಳಲ್ಲಿ ಈ ಯೋಜನೆಯ ಫಲಾನುಭವಿಗಳು ಬಡತನ ರೇಖೆಗಿಂತ ಕೆಳಗಿನವರು ಹಾಗೂ ಪರಿಶಿಷ್ಟ ಜಾತಿ, ಪಂಗಡಗಳ ಮಹಿಳೆಯರು ಮಾತ್ರ.

ಹೆರಿಗೆಯ ನಂತರ ಮನೆ ಭೇಟಿಯ ಸರದಿ. ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ 3, 7, 14, 21, 28 ಮತ್ತು 42ನೇ ದಿನಗಳಂದು ಆರು ಬಾರಿ ನವಜಾತ ಶಿಶುವನ್ನು ನೋಡಬೇಕು. ಎಲ್ಲ ಭೇಟಿಗಳಿಗೂ ಸೇರಿ 250 ರೂಪಾಯಿ. ಅಂದರೆ ಒಂದು ಭೇಟಿಗೆ 42 ರೂಪಾಯಿಗೂ ಕಡಿಮೆ. ಆನಂತರ 3, 6, 9, 12 ಮತ್ತು 15ನೇ ತಿಂಗಳುಗಳಲ್ಲಿ ಐದು ಭೇಟಿಗಳು, ಭೇಟಿಗೆ 50 ರೂಪಾಯಿಯಂತೆ 250 ರೂಪಾಯಿ. ಮೊದಲ ವರ್ಷದ ಲಸಿಕೆಗಳು ಪೂರ್ಣಗೊಂಡರೆ 100 ರೂಪಾಯಿ, ಎರಡನೇ ವರ್ಷದವು ಪೂರ್ಣಗೊಂಡರೆ 75 ರೂಪಾಯಿ. ಸಾಮಾನ್ಯ ಕ್ಷಯರೋಗಿ ಔಷಧದ ಪೂರ್ಣ ಅವಧಿ ಮುಗಿಸುವಂತೆ ನೋಡಿಕೊಂಡರೆ 1,000 ರೂಪಾಯಿ, ಔಷಧಕ್ಕೆ ಬಗ್ಗದ ಕ್ಷಯವಾದರೆ 5,000 ರೂಪಾಯಿ. 30 ವರ್ಷ ಮೀರಿದವರ ಆರೋಗ್ಯ ವಿವರದ ನಮೂನೆ ಭರ್ತಿ ಮಾಡಿದರೆ ತಲಾ 10 ರೂಪಾಯಿ.

ಇವಲ್ಲದೆ ದೈನಂದಿನ ಕೆಲಸಗಳಿಗೆಂದು ಕೇಂದ್ರವು ನಿಗದಿತ ಮಾಸಿಕ ಮೊತ್ತವೊಂದನ್ನು ನೀಡುತ್ತದೆ. ಗ್ರಾಮ ಆರೋಗ್ಯ ದಿನಾಚರಣೆ, ಗ್ರಾಮ ಸಮಿತಿ ಸಭೆ, ಪ್ರಾಥಮಿಕ ಆರೋಗ್ಯ ಕೇಂದ್ರದ ಸಭೆಗಳಿಗೆ ಹಾಜರಾತಿ, ಜೊತೆಗೆ ಕುಟುಂಬ ಸಮೀಕ್ಷೆ, ಜನನ ಮರಣ, ಗರ್ಭಿಣಿಯರು, ಲಸಿಕೆ ಬಾಕಿ ಇರುವ ಮಕ್ಕಳು ಹಾಗೂ ಅರ್ಹ ದಂಪತಿಗಳ ಪಟ್ಟಿ ನಿರ್ವಹಣೆ ಇದರಲ್ಲಿ ಸೇರುತ್ತವೆ. ಮೊದಲು 1,000 ರೂಪಾಯಿ ಇದ್ದ ಈ ಮೊತ್ತವನ್ನು 2018ರ ಅಕ್ಟೋಬರ್‌ನಿಂದ 2,000 ರೂಪಾಯಿಗೆ ಏರಿಸಲಾಯಿತು. 2025ರ ಮಾರ್ಚ್ 4ರಂದು ನಡೆದ ಅಭಿಯಾನದ ಉನ್ನತ ಸಮಿತಿ ಸಭೆಯು ಇದನ್ನು 3,500 ರೂಪಾಯಿಗೆ ಹೆಚ್ಚಿಸಲು ತೀರ್ಮಾನಿಸಿತು. ಹತ್ತು ವರ್ಷ ಸೇವೆ ಸಲ್ಲಿಸಿ ಹೊರಹೋಗುವವರಿಗೆ ನೀಡುವ ಇಡಿಗಂಟನ್ನು 20,000ದಿಂದ 50,000 ರೂಪಾಯಿಗೆ ಏರಿಸುವ ನಿರ್ಧಾರವೂ ಅಂದೇ ಆಯಿತು.

ರಾಜ್ಯ ಸರ್ಕಾರ ತನ್ನ ಬೊಕ್ಕಸದಿಂದ ಪ್ರತ್ಯೇಕವಾಗಿ ಮಾಸಿಕ ಗೌರವಧನ ನೀಡುತ್ತ ಬಂದಿದೆ. 2022–23ರ ಬಜೆಟ್‌ನಲ್ಲಿ 1,000 ರೂಪಾಯಿ ಹೆಚ್ಚಿಸಿದ ಬಳಿಕ ಅದು 5,000 ರೂಪಾಯಿಗೆ ತಲುಪಿತು.

ಸಾವಿರ ಜನರಿರುವ ಊರಿನ ಲೆಕ್ಕ

ಈ ದರಗಳನ್ನು ಒಂದು ಊರಿಗೆ ಅನ್ವಯಿಸಿ ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಸಾವಿರ ಜನಸಂಖ್ಯೆಯ ಹಳ್ಳಿಯಲ್ಲಿ ವರ್ಷಕ್ಕೆ 16 ಹೆರಿಗೆಗಳಾಗುತ್ತವೆ ಎಂದಿಟ್ಟುಕೊಳ್ಳೋಣ. ರಾಜ್ಯದ ಜನನ ಪ್ರಮಾಣ ಇದಕ್ಕೆ ಹತ್ತಿರದಲ್ಲೇ ಇದೆ. ಹದಿನಾರೂ ಹೆರಿಗೆಗಳು ಜನನಿ ಸುರಕ್ಷಾ ಯೋಜನೆಗೆ ಅರ್ಹವಾಗಿದ್ದರೆ 9,600 ರೂಪಾಯಿ. ನವಜಾತ ಶಿಶು ಭೇಟಿಗಳಿಗೆ 4,000, ನಂತರದ ಭೇಟಿಗಳಿಗೆ 4,000, ಎರಡು ಹಂತದ ಲಸಿಕೆಗೆ 2,800. ಒಟ್ಟು 20,400 ರೂಪಾಯಿ, ತಿಂಗಳಿಗೆ 1,700.

2025ರ ಆರಂಭದಲ್ಲಿದ್ದ ದರದಂತೆ ರಾಜ್ಯದ 5,000, ಕೇಂದ್ರದ 2,000 ಹಾಗೂ ಈ 1,700 ಸೇರಿದರೆ 8,700 ರೂಪಾಯಿ. ಅರ್ಹ ಹೆರಿಗೆಗಳು ಎಂಟೇ ಆಗಿ, ಉಳಿದ ಕೆಲಸವೂ ಅದೇ ಪ್ರಮಾಣದಲ್ಲಿ ಇಳಿದರೆ 7,850. ಕೇಂದ್ರದ 3,500 ರೂಪಾಯಿಯ ಹೊಸ ದರ ಹಿಡಿದರೆ ಇವು ಕ್ರಮವಾಗಿ 10,200 ಮತ್ತು 9,350 ಆಗುತ್ತವೆ. ಕ್ಷಯ, ಸಮೀಕ್ಷೆ, ಲಸಿಕಾ ಶಿಬಿರಗಳಿಂದ ಕೆಲ ನೂರು ರೂಪಾಯಿ ಕೂಡಬಹುದು. ಯಾವ ತಿಂಗಳು ಎಷ್ಟು ಎಂಬುದನ್ನು ಮಾತ್ರ ಯಾರೂ ಮುಂಚಿತವಾಗಿ ಹೇಳಲಾರರು. ಸರ್ಕಾರದ ಹೇಳಿಕೆಗಳಲ್ಲಿ ಕಾಣುವ ಮೊತ್ತ ಎಲ್ಲ ಕೆಲಸವೂ ನಡೆದು, ಎಲ್ಲವೂ ದಾಖಲಾಗಿ, ಎಲ್ಲದಕ್ಕೂ ಅನುಮೋದನೆ ದೊರೆತಾಗ ಬರಬಹುದಾದ ಗರಿಷ್ಠ. ಕಾರ್ಯಕರ್ತೆಯ ಪಾಸ್‌ಬುಕ್‌ನಲ್ಲಿ ಕಾಣುವುದು ಆ ತಿಂಗಳು ನಿಜಕ್ಕೂ ಬಂದದ್ದು. ಎರಡು ಪಕ್ಷಗಳ ಅಂಕಿಗಳು ಹೊಂದದಿರುವುದಕ್ಕೆ ಇದೇ ಕಾರಣ.

ಯಶಸ್ಸೇ ಗಳಿಕೆಗೆ ಮಿತಿಯಾದಾಗ

ಪ್ರೋತ್ಸಾಹಧನದ ಉದ್ದೇಶ ಈಡೇರಲಿಲ್ಲವೆಂದು ಹೇಳಲಾಗದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2005–06ರಲ್ಲಿ ಕರ್ನಾಟಕದ ಆಸ್ಪತ್ರೆ ಹೆರಿಗೆಗಳ ಪ್ರಮಾಣ ಶೇ 65ರ ಆಸುಪಾಸಿನಲ್ಲಿತ್ತು. 2019–21ರ ಸಮೀಕ್ಷೆಯ ವೇಳೆಗೆ ಅದು ಶೇ 97ಕ್ಕೆ ಏರಿತು. ಸೂಲಗಿತ್ತಿಯ ಕಾಲ ಹೆಚ್ಚುಕಡಿಮೆ ಮುಗಿಯಿತು. ಇದರಲ್ಲಿ ರಸ್ತೆ, ಆಂಬುಲೆನ್ಸ್, ಶಿಕ್ಷಣ ಎಲ್ಲದರ ಪಾಲೂ ಇದೆ. ನಡುರಾತ್ರಿ ಗರ್ಭಿಣಿಯ ಜೊತೆ ಆಸ್ಪತ್ರೆಗೆ ಹೋದ ಆಶಾ ಪಾಲೂ ಇದೆ.

ಆದರೆ ಅದೇ ಸಮೀಕ್ಷೆಯಂತೆ ರಾಜ್ಯದ ಒಟ್ಟು ಫಲವತ್ತತೆಯ ದರ 1.7ಕ್ಕೆ ಇಳಿದಿದೆ. ಅಂದರೆ ಹೆರಿಗೆಗಳ ಸಂಖ್ಯೆಯೇ ಕಡಿಮೆಯಾಗುತ್ತಿದೆ. ಎರಡು ಮಕ್ಕಳ ನಡುವೆ ಅಂತರವಿಡುವಂತೆ ದಂಪತಿಗಳ ಮನವೊಲಿಸುವುದೂ ಆಶಾ ಕೆಲಸವೇ. ಆ ಕೆಲಸದಲ್ಲಿ ಆಕೆ ಗೆದ್ದಷ್ಟೂ ಹೆರಿಗೆಯಿಂದ ಬರುವ ಗಳಿಕೆ ಕುಗ್ಗುತ್ತದೆ. ಮತ್ತೊಂದೆಡೆ ಊರಿನಲ್ಲಿ ವಯಸ್ಸಾದವರ, ಸಕ್ಕರೆ ಕಾಯಿಲೆಯವರ, ರಕ್ತದೊತ್ತಡದವರ ಸಂಖ್ಯೆ ಹೆಚ್ಚುತ್ತಿದೆ. ಆ ಕೆಲಸಕ್ಕಿರುವ ದರ ನಮೂನೆಯೊಂದಕ್ಕೆ 10 ರೂಪಾಯಿ. ತಾಯಿ–ಮಗುವಿನ ಸುತ್ತ ಹೆಣೆದ ದರಪಟ್ಟಿ ಊರಿನ ಬದಲಾದ ಆರೋಗ್ಯ ಚಿತ್ರಣಕ್ಕೆ ಇನ್ನೂ ಹೊಂದಿಕೊಂಡಿಲ್ಲ.

ತವರು, ಮೈಸೂರು ಮತ್ತು ದೂರದ ದೊಡ್ಡಿಗಳು

ಸ್ಥಳೀಯ ಸ್ಥಿತಿಗತಿಗಳು ಈ ಲೆಕ್ಕವನ್ನು ಇನ್ನಷ್ಟು ಏರುಪೇರು ಮಾಡುತ್ತವೆ. ಮೊದಲ ಹೆರಿಗೆ ತವರಿನಲ್ಲಿ ಎಂಬುದು ಈ ಭಾಗದ ರೂಢಿ. ಕೆ.ಆರ್. ಪೇಟೆಯ ಹಳ್ಳಿಗೆ ಸೊಸೆಯಾಗಿ ಬಂದ ನಾಗಮಂಗಲದ ಹೆಣ್ಣುಮಗಳು ಏಳನೇ ತಿಂಗಳಿಗೆ ತವರಿಗೆ ಹೋದರೆ, ತಾಯಿ ಕಾರ್ಡ್ ಮಾಡಿಸಿ ತಪಾಸಣೆ ಮಾಡಿಸಿದವರು ಒಬ್ಬರು, ಹೆರಿಗೆಗೆ ಜೊತೆಗೆ ಹೋಗುವವರು ಮತ್ತೊಬ್ಬರು. ಮೊತ್ತವನ್ನು ಎರಡು ಭಾಗ ಮಾಡಿರುವುದು ಇಂಥ ಸಂದರ್ಭಕ್ಕೆ ನೆರವಾಗುತ್ತದೆ. ಆದರೆ ಬಾಣಂತನ ಮುಗಿಸಿ ಮೂರು ಅಥವಾ ಐದನೇ ತಿಂಗಳಿಗೆ ಗಂಡನ ಮನೆಗೆ ಮರಳುವ ತಾಯಿಯ ಮನೆ ಭೇಟಿಗಳೂ ಲಸಿಕೆಯ ದಾಖಲೆಯೂ ಎರಡು ಊರುಗಳ ನಡುವೆ ಹಂಚಿಹೋಗುತ್ತವೆ. ಒಂದು ಕಡೆಯ ದಾಖಲೆ ಮತ್ತೊಂದು ಕಡೆ ಕಾಣದಿದ್ದರೆ ಇಬ್ಬರ ದುಡಿಮೆಯೂ ಅಪೂರ್ಣವೆಂದೇ ಎಣಿಕೆಯಾಗುವ ಅಪಾಯವಿದೆ.

ಶ್ರೀರಂಗಪಟ್ಟಣ ತಾಲ್ಲೂಕಿಗೆ ಮೈಸೂರು ಕೂಗಳತೆಯ ದೂರ. ಅಲ್ಲಿನ ಚೆಲುವಾಂಬ ಆಸ್ಪತ್ರೆಯೂ, ಅನೇಕ ಖಾಸಗಿ ನರ್ಸಿಂಗ್ ಹೋಮುಗಳೂ ಗರ್ಭಿಣಿಯರನ್ನು ಸೆಳೆಯುತ್ತವೆ. ಯೋಜನೆಯ ಮಾನ್ಯತೆಯಿಲ್ಲದ ಖಾಸಗಿ ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಒಂಬತ್ತು ತಿಂಗಳು ಬೆನ್ನು ಹತ್ತಿದ ಆಶಾಗೆ ಹೆರಿಗೆಯ ಪಾಲು ದಕ್ಕುವುದಿಲ್ಲ. ನಾಗಮಂಗಲದ ಬೆಳ್ಳೂರು ಬಳಿಯ ಬಿ.ಜಿ. ನಗರದಲ್ಲಿ ವೈದ್ಯಕೀಯ ಕಾಲೇಜು ಆಸ್ಪತ್ರೆಯೇ ಇದೆ. ಆದರೆ ಅದೇ ತಾಲ್ಲೂಕಿನ ಒಳನಾಡಿನ ಹಳ್ಳಿಗಳಲ್ಲಿ ಮನೆಗಳು ಚದುರಿವೆ. ಒಂದೊಂದು ಭೇಟಿಗೂ ಕಿಲೋಮೀಟರುಗಟ್ಟಲೆ ನಡೆಯಬೇಕು. ನಾಲೆ ನೀರಾವರಿಯ ದಟ್ಟ ಊರಿನಲ್ಲಿ ಬೆಳಗಿನೊಳಗೆ ಹತ್ತು ಮನೆ ಮುಗಿಸಬಹುದು, ಬೆದ್ದಲಿನ ದೊಡ್ಡಿಗಳಲ್ಲಿ ಅದೇ ಹತ್ತು ಮನೆಗೆ ದಿನವೇ ಬೇಕು. ದರ ಮಾತ್ರ ಎರಡಕ್ಕೂ ಒಂದೇ.

ಪೋರ್ಟಲ್‌ನಲ್ಲಿ ಕಾಣದ ಕೆಲಸ

ಹಣ ಪಾವತಿಯ ಹಾದಿಯೂ ಸರಳವಲ್ಲ. ಆಶಾ ಸಲ್ಲಿಸಿದ ಕೆಲಸದ ವಿವರವನ್ನು ಉಪಕೇಂದ್ರದ ಆರೋಗ್ಯ ಸಿಬ್ಬಂದಿ ಪರಿಶೀಲಿಸಬೇಕು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ ದೃಢೀಕರಿಸಬೇಕು, ಆನಂತರವೇ ಮೊತ್ತ ಬ್ಯಾಂಕ್ ಖಾತೆಗೆ ಸೇರಬೇಕು. ರಾಜ್ಯದಲ್ಲಿ ಇದಕ್ಕಾಗಿ 'ಆಶಾ ನಿಧಿ' ಎಂಬ ತಂತ್ರಾಂಶ ರೂಪಿಸಿ, ಅದನ್ನು ತಾಯಿ–ಮಕ್ಕಳ ಆರೋಗ್ಯದ ಆರ್‌ಸಿಹೆಚ್ ಪೋರ್ಟಲ್‌ಗೆ ಜೋಡಿಸಲಾಯಿತು. ಮಧ್ಯವರ್ತಿಗಳ ಕೈಯಿಂದ ಹಣ ತಪ್ಪಿಸಿ ನೇರ ಖಾತೆಗೆ ಹಾಕುವ ಉದ್ದೇಶ ಒಳ್ಳೆಯದೇ. ಆದರೆ ಪೋರ್ಟಲ್‌ಗೆ ಮಾಹಿತಿ ತುಂಬುವವರು ಆಶಾ ಅಲ್ಲ. ಬೇರೊಬ್ಬರು ತಡವಾಗಿ ತುಂಬಿದರೆ, ತಪ್ಪಾಗಿ ತುಂಬಿದರೆ, ಅಥವಾ ತುಂಬದೇ ಬಿಟ್ಟರೆ ಮಾಡಿದ ಕೆಲಸವೇ ಆಗಿಲ್ಲ ಎಂದಾಗುತ್ತದೆ. ಈ ಜೋಡಣೆಯನ್ನು ರದ್ದುಪಡಿಸಬೇಕೆಂಬುದು ಆಶಾ ಕಾರ್ಯಕರ್ತೆಯರ ಸಂಘದ ಬೇಡಿಕೆಗಳಲ್ಲಿ ವರ್ಷಗಟ್ಟಲೆ ಉಳಿದುಬಂದಿದೆ.

ಫಲಿತಾಂಶಕ್ಕೆ ಹಣ ಎಂಬ ನಿಯಮದಲ್ಲಿ ಇನ್ನೊಂದು ಕಠಿಣ ಮುಖವೂ ಇದೆ. ನವಜಾತ ಶಿಶು ಆರೈಕೆಯ 250 ರೂಪಾಯಿ ಪಡೆಯಲು ಕೇಂದ್ರದ ಮಾರ್ಗಸೂಚಿ ವಿಧಿಸಿದ ಷರತ್ತುಗಳಲ್ಲಿ 42ನೇ ದಿನದವರೆಗೆ ತಾಯಿ ಮತ್ತು ಮಗು ಸುರಕ್ಷಿತವಾಗಿರಬೇಕು ಎಂಬುದೂ ಒಂದು. ಕಡಿಮೆ ತೂಕದ ಕೂಸಿಗಾಗಿ ಹೆಚ್ಚು ಬಾರಿ ಓಡಾಡಿ, ಕೊನೆಗೂ ಅದು ಉಳಿಯದೇ ಹೋದರೆ, ಅತಿ ಹೆಚ್ಚು ದುಡಿದ ಪ್ರಕರಣಕ್ಕೇ ಪ್ರೋತ್ಸಾಹಧನ ತಪ್ಪುತ್ತದೆ.

ಕೋವಿಡ್ ಕಾಲದ ವಿಶೇಷ ಮೊತ್ತ

2020ರ ಮೇ ತಿಂಗಳಿನಲ್ಲಿ ಮುಂಬೈನಿಂದ ಮರಳಿದವರಲ್ಲಿ ಸೋಂಕು ಪತ್ತೆಯಾಗತೊಡಗಿದಾಗ ಮಂಡ್ಯ ಜಿಲ್ಲೆ, ಅದರಲ್ಲೂ ಕೆ.ಆರ್. ಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳು ರಾಜ್ಯದ ಗಮನ ಸೆಳೆದವು. ಊರಿಗೆ ಬಂದವರ ಪಟ್ಟಿ ಮಾಡುವುದು, ಮನೆಮನೆಗೆ ಹೋಗಿ ಜ್ವರ ಕೇಳುವುದು, ಕ್ವಾರಂಟೈನ್‌ನಲ್ಲಿದ್ದವರ ಮೇಲೆ ನಿಗಾ ಇಡುವುದು ಆಶಾ ಹೆಗಲಿಗೆ ಬಿತ್ತು. ಕೇಂದ್ರವು ಕೋವಿಡ್ ಕೆಲಸಕ್ಕೆಂದು ಮಾಸಿಕ 1,000 ರೂಪಾಯಿ ಹೆಚ್ಚುವರಿ ಪ್ರೋತ್ಸಾಹಧನ ಪ್ರಕಟಿಸಿತು. ಕರ್ತವ್ಯದಲ್ಲಿ ಮೃತಪಟ್ಟ ಆರೋಗ್ಯ ಸಿಬ್ಬಂದಿಯ ಕುಟುಂಬಕ್ಕೆ 50 ಲಕ್ಷ ರೂಪಾಯಿಯ ವಿಮಾ ಯೋಜನೆಗೆ ಆಶಾಗಳನ್ನೂ ಸೇರಿಸಲಾಯಿತು. ರಾಜ್ಯದಲ್ಲಿ 2020ರಲ್ಲಿ ಸಹಕಾರ ಇಲಾಖೆಯ ಮೂಲಕ ತಲಾ 3,000 ರೂಪಾಯಿ ವಿತರಿಸಲಾಯಿತು. 2021ರ ಜೂನ್‌ನಲ್ಲಿ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಘೋಷಿಸಿದ ಎರಡನೇ ಪರಿಹಾರ ಪ್ಯಾಕೇಜಿನಲ್ಲಿ 42,574 ಆಶಾ ಕಾರ್ಯಕರ್ತೆಯರಿಗೆ ಮತ್ತೆ ತಲಾ 3,000 ರೂಪಾಯಿ ಸೇರಿತ್ತು.

ಇವೆಲ್ಲವೂ ತಾತ್ಕಾಲಿಕ ಮೊತ್ತಗಳು. ಅದೇ 2020ರ ಜುಲೈ 10ರಿಂದ ರಾಜ್ಯದ ಆಶಾ ಕಾರ್ಯಕರ್ತೆಯರು ಮಾಸಿಕ 12,000 ರೂಪಾಯಿ ನಿಗದಿತ ಗೌರವಧನ ಹಾಗೂ ಸುರಕ್ಷಾ ಸಾಮಗ್ರಿಗಾಗಿ ಕೆಲಸ ಸ್ಥಗಿತಗೊಳಿಸಿದ್ದು ಸೋಂಕು ಹರಡುತ್ತಿದ್ದುದರ ನಡುವೆ ಎಂಬುದು ಗಮನಾರ್ಹ. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಸಮೂಹಕ್ಕೆ ಜಾಗತಿಕ ಆರೋಗ್ಯ ನಾಯಕರ ಪ್ರಶಸ್ತಿ ನೀಡಿ ಗೌರವಿಸಿತು.

ದರಪಟ್ಟಿಯಲ್ಲಿಲ್ಲದ ಕರ್ತವ್ಯ

ಪಾಂಡವಪುರ ಉಪವಿಭಾಗದಲ್ಲಿ ಈ ಚರ್ಚೆಗೆ ಬೇರೆಲ್ಲೂ ಇಲ್ಲದ ತೀವ್ರತೆ ಬಂದಿರುವುದಕ್ಕೆ ಕಾರಣ ಹೆಣ್ಣುಭ್ರೂಣ ಹತ್ಯೆಯ ಪ್ರಕರಣಗಳು. 2023ರ ಕೊನೆಯಲ್ಲಿ ಬೆಂಗಳೂರು ಪೊಲೀಸರು ಭೇದಿಸಿದ ಜಾಲವು ಮಂಡ್ಯ ತಾಲ್ಲೂಕಿನ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ನಡೆಸುತ್ತಿದ್ದುದು ಬಯಲಾಯಿತು. ತನಿಖೆಯನ್ನು ಸಿಐಡಿಗೆ ವಹಿಸಲಾಯಿತು. 2024ರ ಮೇ ತಿಂಗಳಿನಲ್ಲಿ ಪಾಂಡವಪುರದ ಆರೋಗ್ಯ ಇಲಾಖೆಯ ವಸತಿಗೃಹದಲ್ಲೇ ಅಕ್ರಮ ಗರ್ಭಪಾತ ನಡೆಯುತ್ತಿದ್ದ ಪ್ರಕರಣ ವರದಿಯಾಗಿ, ಬಂಧನಗಳೂ ಆದವು.

ಒಂದು ಗರ್ಭ ದಾಖಲಾಗಿ, ಮೂರ‍್ನಾಲ್ಕು ತಿಂಗಳ ನಂತರ ಸದ್ದಿಲ್ಲದೆ ಇಲ್ಲವಾದರೆ ಅದನ್ನು ಊರಿನಲ್ಲಿ ಮೊದಲು ಗುರುತಿಸಬಲ್ಲವಳು ಆಶಾ. ಆದರೆ ಪ್ರೋತ್ಸಾಹಧನದ ರಚನೆ ಎಣಿಸುವುದು ಆದ ಹೆರಿಗೆಗಳನ್ನು, ಹಾಕಿಸಿದ ಲಸಿಕೆಗಳನ್ನು, ತುಂಬಿದ ನಮೂನೆಗಳನ್ನು. ಇಲ್ಲವಾದ ಗರ್ಭದ ಬಗ್ಗೆ ಪ್ರಶ್ನೆ ಕೇಳಿದ್ದಕ್ಕೆ ಅಲ್ಲಿ ದರವಿಲ್ಲ. ಆ ಗರ್ಭಿಣಿಯ ಹೆಸರು ಪಟ್ಟಿಯಿಂದ ಬಿಟ್ಟುಹೋಗುತ್ತದೆ ಅಷ್ಟೆ. ಭ್ರೂಣಲಿಂಗ ಪತ್ತೆಯ ಬಗ್ಗೆ ಮಾಹಿತಿ ನೀಡಿದವರಿಗೆ ರಾಜ್ಯ ಸರ್ಕಾರ ನಗದು ಬಹುಮಾನ ಘೋಷಿಸಿರುವುದು ನಿಜ. ಆದರೆ ಅದೇ ಬೀದಿಯಲ್ಲಿ ವಾಸಿಸಿ, ಅದೇ ಮನೆಗಳ ಬಾಗಿಲು ನಾಳೆಯೂ ತಟ್ಟಬೇಕಾದ, ಕೆಲಸದ ಭದ್ರತೆಯಿಲ್ಲದ ಮಹಿಳೆಯೊಬ್ಬಳು ನೆರೆಹೊರೆಯವರ ವಿರುದ್ಧ ದೂರು ನೀಡುವುದು ಬಹುಮಾನದ ಆಸೆಯಿಂದ ಆಗುವ ಕೆಲಸವಲ್ಲ. ಅದಕ್ಕೆ ಬೇಕಾದುದು ಇಲಾಖೆಯ ಬೆಂಬಲ, ಗೋಪ್ಯತೆಯ ಖಾತರಿ ಮತ್ತು ಹೊಣೆಯನ್ನು ಆಕೆಯೊಬ್ಬಳ ಮೇಲೆ ಹೊರಿಸದ ವ್ಯವಸ್ಥೆ. ಗರ್ಭಿಣಿಯರ ಮೇಲೆ ನಿಗಾ ಇಡಲಿಲ್ಲವೆಂದು ಕೊನೆಯ ಪಂಕ್ತಿಯವಳನ್ನು ದೂರುವುದು ಸುಲಭ. ಆ ನಿಗಾ ಎಂಬ ಕೆಲಸಕ್ಕೆ ಆಕೆಯ ಹುದ್ದೆಯಲ್ಲಿ ಸ್ಥಾನವೇ ಇಲ್ಲ ಎಂಬುದು ಮರೆತುಹೋಗುತ್ತದೆ.

ಹೊರಗಿನ ಅನುಭವ ಏನು ಹೇಳುತ್ತದೆ

ಸಾಧನೆಗೆ ತಕ್ಕ ಹಣ ಎಂಬುದು ಭಾರತದ ಆವಿಷ್ಕಾರವಲ್ಲ. ಬ್ರಿಟನ್ 2004ರಲ್ಲಿ ಕುಟುಂಬ ವೈದ್ಯರ ಆದಾಯದ ಗಣನೀಯ ಭಾಗವನ್ನು ಗುಣಮಟ್ಟದ ಸೂಚಕಗಳಿಗೆ ಜೋಡಿಸಿತು. ಸೂಚಕಗಳಲ್ಲಿದ್ದ ಕಾಯಿಲೆಗಳ ಆರೈಕೆ ಆರಂಭದಲ್ಲಿ ಸುಧಾರಿಸಿತು, ಪಟ್ಟಿಯಲ್ಲಿಲ್ಲದವು ಹಿಂದೆ ಬಿದ್ದವು ಎಂಬ ಟೀಕೆ ಬಂದಿತು. ಸ್ಕಾಟ್ಲೆಂಡ್ 2016ರಲ್ಲಿ ಆ ಪದ್ಧತಿಯನ್ನು ಕೈಬಿಟ್ಟಿತು. ಆಫ್ರಿಕಾದ ರುವಾಂಡದಲ್ಲಿ ಆರೋಗ್ಯ ಕೇಂದ್ರಗಳಿಗೆ ಇಂಥ ಪಾವತಿ ಜಾರಿಯಾದ ಬಗ್ಗೆ 2011ರಲ್ಲಿ ಪ್ರಕಟವಾದ ಅಧ್ಯಯನವು ಆಸ್ಪತ್ರೆ ಹೆರಿಗೆಗಳು ಶೇ 23ರಷ್ಟು ಹೆಚ್ಚಿದ್ದನ್ನು ದಾಖಲಿಸಿತು. ಆದರೆ ನಾಲ್ಕು ಬಾರಿ ಹೆರಿಗೆಪೂರ್ವ ತಪಾಸಣೆ ಪೂರ್ಣಗೊಳಿಸಿದವರ ಸಂಖ್ಯೆಯಲ್ಲಿ ಸುಧಾರಣೆ ಕಾಣಲಿಲ್ಲ. ಹೆಚ್ಚು ದರವಿದ್ದ, ಸಿಬ್ಬಂದಿಯ ಹಿಡಿತದಲ್ಲಿದ್ದ ಕೆಲಸ ಮುಂದೆ ಸಾಗಿತು. ಪದೇಪದೇ ಬೆನ್ನು ಹತ್ತಬೇಕಾದ ಕೆಲಸ ಇದ್ದಲ್ಲೇ ಉಳಿಯಿತು.

ಒಂದು ಸಾಮ್ಯ ಮತ್ತು ಒಂದು ಭೇದವನ್ನು ಇಲ್ಲಿ ಗುರುತಿಸಬೇಕು. ದರವಿರುವ ಕೆಲಸದತ್ತ ಗಮನ ವಾಲುವುದು ಎಲ್ಲೆಡೆಯೂ ಒಂದೇ. ಆದರೆ ಬ್ರಿಟನ್ನಿನ ವೈದ್ಯರಿಗೆ ಪ್ರೋತ್ಸಾಹಧನ ತಪ್ಪಿದರೂ ಉಳಿದ ಆದಾಯವಿತ್ತು. ಗಳಿಕೆಯ ಬಹುಪಾಲು ಅದನ್ನೇ ನೆಚ್ಚಿದವರಿಗೆ ಅದು ಪ್ರೋತ್ಸಾಹವಾಗಿ ಉಳಿಯದೆ ಅನಿಶ್ಚಿತ ಕೂಲಿಯಾಗುತ್ತದೆ.

ಹತ್ತು ಸಾವಿರದ ಭರವಸೆ

2025ರ ಜನವರಿ 7ರಿಂದ ಬೆಂಗಳೂರಿನಲ್ಲಿ ನಡೆದ ಅಹೋರಾತ್ರಿ ಧರಣಿಯಲ್ಲಿ ಮಾಸಿಕ 15,000 ರೂಪಾಯಿ ನಿಗದಿತ ಗೌರವಧನದ ಬೇಡಿಕೆ ಮುಂದಿಡಲಾಗಿತ್ತು. ಜನವರಿ 10ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರೊಂದಿಗೆ ನಡೆದ ಮಾತುಕತೆಯಲ್ಲಿ ರಾಜ್ಯದ ಗೌರವಧನ ಮತ್ತು ಕೇಂದ್ರದ ಪ್ರೋತ್ಸಾಹಧನ ಎರಡೂ ಸೇರಿ ಕನಿಷ್ಠ 10,000 ರೂಪಾಯಿ ಖಾತರಿಪಡಿಸುವ, ಕೊರತೆಯಾದರೆ ಸರ್ಕಾರವೇ ತುಂಬಿಕೊಡುವ ಭರವಸೆ ದೊರೆತು ಧರಣಿ ಅಂತ್ಯಗೊಂಡಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಭರವಸೆಯ ಜಾರಿಗಾಗಿ ಕಾರ್ಯಕರ್ತೆಯರು ಮತ್ತೆ ಬೀದಿಗಿಳಿಯಬೇಕಾಯಿತು.

ಮೇಲಿನ ಲೆಕ್ಕವನ್ನು ಮತ್ತೊಮ್ಮೆ ನೋಡಿದರೆ ಈ ಖಾತರಿಯ ಮಹತ್ವ ತಿಳಿಯುತ್ತದೆ. ಹೆರಿಗೆಗಳು ಹೆಚ್ಚಿರುವ ದೊಡ್ಡ ಊರಿನ ಆಶಾಗೆ 10,000 ರೂಪಾಯಿಯ ಕನಿಷ್ಠ ಮಿತಿಯಿಂದ ವಿಶೇಷ ಲಾಭವಿಲ್ಲ. ಹೆರಿಗೆಗಳೇ ಅಪರೂಪವಾದ ಚದುರಿದ ಹಳ್ಳಿಯ ಕಾರ್ಯಕರ್ತೆಗೆ, ದಾಖಲೆಗಳು ತವರಿಗೂ ಗಂಡನ ಮನೆಗೂ ಹಂಚಿಹೋದವಳಿಗೆ, ಪೋರ್ಟಲ್‌ನಲ್ಲಿ ಕೆಲಸ ಕಾಣದವಳಿಗೆ ಅದು ತಿಂಗಳ ದಿನಸಿಯ ಪ್ರಶ್ನೆ. ಆದರೆ ಕೊರತೆಯನ್ನು ಯಾವ ತಿಂಗಳಿನಿಂದ, ಯಾವ ದಾಖಲೆಯ ಆಧಾರದ ಮೇಲೆ, ಎಷ್ಟು ದಿನದೊಳಗೆ ತುಂಬಿಕೊಡಲಾಗುವುದು ಎಂಬುದನ್ನು ಆದೇಶ ಸ್ಪಷ್ಟಪಡಿಸದಿದ್ದರೆ ಖಾತರಿಯೂ ಮತ್ತೊಂದು ಪ್ರೋತ್ಸಾಹಧನದಂತೆಯೇ ಆಗುತ್ತದೆ.

ಇದಕ್ಕಿಂತ ಮೂಲಭೂತವಾದುದು ಹುದ್ದೆಯ ಸ್ವರೂಪದ ಪ್ರಶ್ನೆ. ಯೋಜನಾ ಕಾರ್ಯಕರ್ತೆಯರನ್ನು ಕಾರ್ಮಿಕರೆಂದು ಗುರುತಿಸಿ ಕನಿಷ್ಠ ವೇತನ ಮತ್ತು ಸಾಮಾಜಿಕ ಭದ್ರತೆ ನೀಡಬೇಕೆಂದು 2013ರಲ್ಲಿ ನಡೆದ 45ನೇ ಭಾರತೀಯ ಕಾರ್ಮಿಕ ಸಮ್ಮೇಳನ ಶಿಫಾರಸು ಮಾಡಿತ್ತು. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅಂಗನವಾಡಿ ಕಾರ್ಯಕರ್ತೆಯರು ಮತ್ತು ಸಹಾಯಕಿಯರು ಗ್ರ್ಯಾಚುಟಿಗೆ ಅರ್ಹರೆಂದು ತೀರ್ಪಿತ್ತಿತು. ಅದೇ ಊರಿನಲ್ಲಿ, ಅನೇಕ ವೇಳೆ ಅದೇ ಅಂಗನವಾಡಿ ಕಟ್ಟಡದಲ್ಲಿ ಲಸಿಕಾ ದಿನದಂದು ಜೊತೆಗೆ ಕುಳಿತು ದುಡಿಯುವ ಆಶಾ ಆ ತೀರ್ಪಿನ ವ್ಯಾಪ್ತಿಯಲ್ಲಿಲ್ಲ.

ಪ್ರೋತ್ಸಾಹಧನವನ್ನು ಸಂಪೂರ್ಣ ಕೈಬಿಡಬೇಕೆಂದು ಇದರ ಅರ್ಥವಲ್ಲ. ಕ್ಷಯರೋಗಿಯೊಬ್ಬ ಆರು ತಿಂಗಳು ಔಷಧ ಮುಗಿಸುವಂತೆ ಮಾಡಿದ್ದಕ್ಕೆ ಸಿಗುವ ಸಾವಿರ ರೂಪಾಯಿ ಆ ದುಡಿಮೆಗೆ ಸಂದ ಮನ್ನಣೆಯೇ ಸರಿ. ಆದರೆ ಅದು ಬದುಕುವಷ್ಟು ನಿಗದಿತ ಆದಾಯದ ಮೇಲೆ ಬರಬೇಕಾದ ಹೆಚ್ಚುವರಿ. ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗಿನ ಹಳ್ಳಿಗಳಲ್ಲಿ ಮುಂದಿನ ದಶಕದ ಕೆಲಸ ಹೆರಿಗೆ ಮಾಡಿಸುವುದಕ್ಕಿಂತ ಹೆಚ್ಚಾಗಿ ವೃದ್ಧರ ಆರೈಕೆ, ದೀರ್ಘಕಾಲದ ಕಾಯಿಲೆಗಳ ನಿಗಾ ಮತ್ತು ಹುಟ್ಟಬೇಕಾದ ಹೆಣ್ಣುಮಕ್ಕಳ ರಕ್ಷಣೆಯದಾಗಿರಲಿದೆ. ಇವುಗಳಲ್ಲಿ ಯಾವುದನ್ನೂ ತಲೆಗಿಷ್ಟು ಎಂದು ಎಣಿಸಿ ಕೊಡಲು ಬರುವುದಿಲ್ಲ. ದರಪಟ್ಟಿಯನ್ನು ಮತ್ತೆ ಬರೆಯುವ ಮುನ್ನ ಸರ್ಕಾರಗಳು ಪರಿಗಣಿಸಬೇಕಾದ ಮೊದಲ ಅಂಶ ಇದೇ ಆಗಿದೆ.